ಜೆರಿಕೋದಲ್ಲಿರುವ ನನ್ನ ಪಾಟಿ

ಕಳೆದ ಅಕ್ಟೋಬರ್‌ನ ಎರಡನೆಯ ಭಾನುವಾರ ಮಧ್ಯಾಹ್ನ, ನ್ಯೂಯಾರ್ಕಿನ ಕ್ವೀನ್ಸ್‌ನ ಬೆಲ್‌ರೋಸ್‌ನಲ್ಲಿ, ಹಿಲ್‌ಸೈಡ್ ಅವೆನ್ಯೂದ ಒಂದು ದೋಸೆ ಹೋಟೆಲಿನ ಹಿಂದಿನ ಕೋಣೆಯಲ್ಲಿ, ಕಾದಂಬರಿಯೊಂದರ ನಾಯಕಿ ಬಾಗಿಲು ತೊಳೆದಳು. ಹೊರಗೆ ಅವಳ ಅಣ್ಣ ನಿಂತಿದ್ದ. ಹತ್ತು ಹನ್ನೆರಡು ಜನ ಇದನ್ನು ಕೇಳಿಸಿಕೊಂಡರು. ಯಾರೂ ಮಿಸುಕಲಿಲ್ಲ. ಪುಸ್ತಕದಲ್ಲಿ ಅವಳು ಬಾಗಿಲು ತೆರೆದಿದ್ದಳು.

ಗಮನಿಸಿದವಳು ನಾನೊಬ್ಬಳೇ. ಇದರಲ್ಲಿ ಜಾಣತನವೇನಿಲ್ಲ, ವೃತ್ತಿಯಿಂದ ಅಂಟಿಕೊಂಡ ಚಟ ಅಷ್ಟೆ. ಮದುವೆಯಾಗಿ ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್‌ಗೆ ಬರುವ ಮೊದಲು ನಾನು ಮೈಸೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಅಲ್ಲಿ ಮುಖ್ಯವಾದ ಬರಹಗಳ ಪ್ರೂಫ್ ನೋಡಲು ಇಬ್ಬರು ಕೂರುತ್ತಿದ್ದರು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಪೆನ್ನು ಸರಿಸುತ್ತ ಹೋಗಬೇಕು. ನಿಯಮ ಒಂದೇ: ಕಂಡದ್ದನ್ನು ಓದು, ಗೊತ್ತಿರುವುದನ್ನು ಓದಬೇಡ. ‘ಮುಖ್ಯಮಂತ್ರಿ’ ಎಂಬುದು ‘ಮುಖ್ಯಮಂತ್ರ’ ಎಂದು ಅಚ್ಚಾಗಿದ್ದರೂ ಬುದ್ಧಿವಂತರ ಕಣ್ಣು ಆ ಗುಡಿಸನ್ನು ತಾನೇ ಕೊಟ್ಟುಕೊಂಡು ಮುಂದೆ ಹೋಗಿಬಿಡುತ್ತದೆ. ಪ್ರೂಫ್ ನೋಡುವವರು ಆ ಹೊತ್ತಿಗೆ ಸ್ವಲ್ಪ ದಡ್ಡರಾಗಿರಬೇಕು. ನನಗೆ ಅದು ಕಷ್ಟವಾಗಲಿಲ್ಲ. ಆ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಯಾರಾದರೂ ಗಟ್ಟಿಯಾಗಿ ಓದತೊಡಗಿದರೆ ನನ್ನ ಬೆರಳು ತಾನಾಗಿ ಸಾಲುಗಳ ಮೇಲೆ ಓಡುತ್ತದೆ. “ಪುರೋಹಿತರು ಲಗ್ನಪತ್ರಿಕೆ ಓದಿದ್ರೂ ನೀನು ಕರೆಕ್ಷನ್ ಹಾಕ್ತೀಯಲ್ಲೇ” ಎಂದು ನನ್ನ ಗಂಡ ಶ್ರೀಧರ ಮದುವೆಮನೆಗಳಲ್ಲಿ ನನ್ನಿಂದ ಒಂದು ಕುರ್ಚಿ ಬಿಟ್ಟು ಕೂರುತ್ತಾನೆ.

ಆ ದಿನ ಓದುತ್ತಿದ್ದವರು ಸುಮಿತ್ರಾ ಆಂಟಿ. ಧಾರವಾಡದವರು, ಲಾಂಗ್ ಐಲೆಂಡಿನ ಜೆರಿಕೋದಲ್ಲಿ ಮಗಳ ಜೊತೆ ಇರುತ್ತಾರೆ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಅರಿವಳಿಕೆ ಕೊಡುವ ವೈದ್ಯೆಯಾಗಿ ಇಲ್ಲಿನ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದವರು. ತಿಂಗಳಿಗೊಮ್ಮೆ ಒಂದಷ್ಟು ಜನರನ್ನು ಸೇರಿಸಿ ಕನ್ನಡ ಕಾದಂಬರಿ ಓದಿ ಹೇಳುವ ಪದ್ಧತಿಯನ್ನು ಶುರುಮಾಡಿದ್ದು ಅವರೇ. ನಾವು ಕೇಳುವವರು, ಅವರೊಬ್ಬರೇ ಓದುವವರು. “ಜೀವಮಾನಾ ಪೂರ್ತಿ ಮಂದೀನ ಮಲಗಿಸಿದ್ದ ಆತು. ಈಗ ನಾ ಮಾತಾಡೂ ಮುಂದ ಯಾರೂ ಮಲಗಬಾರದು ನೋಡ್ರಿ” ಎಂದು ಹೊಸಬರಿಗೆ ಮೊದಲೇ ಹೇಳಿಬಿಡುತ್ತಾರೆ. ಹೋಟೆಲಿನವರು ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ ಖಾಲಿ ಬಿದ್ದಿರುವ ಕೋಣೆಯನ್ನು ಕಾಫಿಯ ವ್ಯಾಪಾರದ ಮೇಲೆ ನಂಬಿಕೆಯಿಟ್ಟು ಕೊಟ್ಟಿದ್ದಾರೆ.

ಓದು ಮುಗಿದು ಕಾಫಿ ಬಂದಾಗ, ಸಬ್‌ವೇ ರೈಲಿನ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ನಾಗರಾಜ್ ಅಂಕಲ್ ಹೇಳಿದರು: “ಎಂಥ ಚೊಕ್ಕ ಹೆಂಗಸು ನೋಡಿ. ಅಣ್ಣ ಎಷ್ಟೋ ವರ್ಷ ಆದ್ಮೇಲೆ ಬಂದು ನಿಂತಿದ್ದಾನೆ, ಇವಳು ಮೊದ್ಲು ಬಾಗ್ಲು ತೊಳೀತಾಳೆ.”

“ನಮ್ಮ ಅತ್ತೇನೂ ಹಾಗೇ ಇದ್ರಲ್ಲ” ಎಂದರು ಅವರ ಹೆಂಡತಿ. ಚರ್ಚೆ ಹೊಸ್ತಿಲು, ಅರಿಶಿನ, ರಂಗೋಲಿಗಳ ಕಡೆ ಹೋಯಿತು. ಅಮೆರಿಕದ ಮನೆಗಳಿಗೆ ಹೊಸ್ತಿಲೇ ಇಲ್ಲವೆಂಬ ಹಳೆಯ ದೂರು ಮತ್ತೊಮ್ಮೆ ದಾಖಲಾಯಿತು.

ನಾನು ಪಾರ್ಕಿಂಗ್ ಲಾಟಿನಲ್ಲಿ ಆಂಟಿಯನ್ನು ಹಿಡಿದೆ. “ಆಂಟಿ, ಬಾಗಿಲು ತೆರೆದಳು ಅಂತ ಇದೆ ಪುಸ್ತಕದಲ್ಲಿ.”

ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಕ್ಕರು. ಆಮೇಲೆ ನಗು ನಿಲ್ಲಿಸಿದರು. “ನಡುವಿನ ಅಕ್ಷರ ಕಾಣಂಗಿಲ್ಲವಾ. ಅಂಚು ಅಷ್ಟ ಕಾಣ್ತಾವ. ಮುಂದ ‘ತ’ ಕಾಣಿಸ್ತು, ಹಿಂದ ‘ದಳು’ ಕಾಣಿಸ್ತು. ನಡುಕಿಂದು ನಾನ ಹಾಕ್ಕೊಂಡೆ.”

“ಎಷ್ಟು ದಿವಸದಿಂದ?”

“ಬ್ಯಾಸಗಿಯಿಂದ.”

ಅಂದರೆ ಬೇಸಿಗೆಯಿಂದ ನಾವು ಕೇಳುತ್ತಿದ್ದ ಕಾದಂಬರಿಯಲ್ಲಿ ಒಂದಷ್ಟು ಭಾಗ ಸುಮಿತ್ರಾ ಆಂಟಿಯದು. ಪುಸ್ತಕದ ಪ್ರತಿಗಳು ಎಲ್ಲೂ ಸಿಗುವುದಿಲ್ಲ. ನನಗೂ ಅದೇ ತಿಂಗಳು ಊರಿನಿಂದ ಒಂದು ಹಳೆಯ ಪ್ರತಿ ಬಂದಿತ್ತು, ಆದ್ದರಿಂದಲೇ ಈ ವ್ಯತ್ಯಾಸ ಗೊತ್ತಾದದ್ದು. ಎಡಗಣ್ಣಿನ ಅಕ್ಷಿಪಟಲದ ನಡುಭಾಗ ಸವೆದುಹೋಗಿದೆ, ಬಲಗಣ್ಣಿನಲ್ಲೂ ಶುರುವಾಗಿದೆ, ಅದಕ್ಕೆ ಕೆಲವು ವಾರಗಳಿಗೊಮ್ಮೆ ಇಂಜೆಕ್ಷನ್ ಕೊಡುತ್ತಾರೆ, ಅದು ತಡೆಯುತ್ತದೆಯೇ ಹೊರತು ಹೋದದ್ದನ್ನು ತರುವುದಿಲ್ಲ. ಇಷ್ಟನ್ನೂ ಆಂಟಿ ಬೇರೆ ಯಾರದೋ ಕೇಸ್ ಶೀಟ್ ಓದಿದಂತೆ ಹೇಳಿದರು.

ಕಾರಿನ ಬಾಗಿಲು ಹಿಡಿದು ನಿಂತಿದ್ದ ಮಗಳು ನೀತಾ ನನ್ನತ್ತ ನೋಡಿದಳು. ನೀತಾ ಹುಟ್ಟಿ ಬೆಳೆದದ್ದು ಲಾಂಗ್ ಐಲೆಂಡಿನಲ್ಲೇ, ವಕೀಲೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕನ್ನಡದ ಒಂದಕ್ಷರವೂ ಓದಲು ಬಾರದು. “ಶೈಲಾ ಆಂಟಿ, ಪ್ಲೀಸ್ ಟೆಲ್ ಹರ್. ಸಮ್‌ಬಡಿ ಎಲ್ಸ್ ಕ್ಯಾನ್ ರೀಡ್. ಆರ್ ಐ ಕ್ಯಾನ್ ಗೆಟ್ ಹರ್ ಆಡಿಯೋಬುಕ್ಸ್.”

“ಕೇಳಲಿಕ್ಕೆ ಎಲ್ಲಾರೂ ತಯಾರ್ ಇರ್ತಾರ. ಓದಲಿಕ್ಕೆ ಯಾರದಾರ?” ಎಂದರು ಆಂಟಿ. “ಅರ್ಧಾ ಆಪರೇಷನ್ ತನಕಾ ಇದ್ದು, ಉಳಿದದ್ದು ನೀವು ನೋಡ್ಕೋರಿ ಅಂತ ಎದ್ದು ಬರ್ಲಿಕ್ಕೆ ಆಗ್ತದೇನು? ಈ ಕಾದಂಬರಿ ಒಂದು ಮುಗಿಸ್ತೇನಿ. ನನ್ನ ಕಣ್ಣಿಲೆ, ನನ್ನ ಬಾಯಿಲೆ. ಆಮ್ಯಾಲೆ ಬಾಗಿಲಾ ತೊಳಕೋತ ಕೂಡ್ತೇನಿ.”

ಕಾದಂಬರಿ ಆಗ ಅರ್ಧವೂ ಆಗಿರಲಿಲ್ಲ.

ಈಗ ನನ್ನ ಪಾಟಿಯ ವಿಷಯ. ಆ ಹೆಸರು ಕೂಡ ಆಂಟಿಯದೇ. ಮೈಸೂರಿನವಳಾದ ನನಗೆ ಅದು ಸ್ಲೇಟು, ಧಾರವಾಡದವರಿಗೆ ಪಾಟಿ. ತಯಾರಿಸಿದವರು ಅದಕ್ಕೆ ಬೇರೇನೋ ಹೆಸರಿಟ್ಟಿದ್ದಾರೆ. ಎಲೆಕ್ಟ್ರಾನಿಕ್ ಕಾಗದ ಎನ್ನುತ್ತಾರೆ. ಅಳತೆಯಲ್ಲಿ ನಿಜಕ್ಕೂ ಒಂದು ಪೂರ್ತಿ ಹಾಳೆಯಷ್ಟಿದೆ, ದಪ್ಪದಲ್ಲಿ ತೆಳುವಾದ ರಟ್ಟಿನಷ್ಟು. ಫೋನಿನ ಹಾಗೆ ಹೊಳೆಯುವುದಿಲ್ಲ, ತನ್ನದೇ ಬೆಳಕಿಲ್ಲ. ದೀಪ ಹಾಕಿದರೆ ಕಾಣುತ್ತದೆ, ಆರಿಸಿದರೆ ಇಲ್ಲ. ಒಳಗೆ ಕೂದಲೆಳೆಯಷ್ಟು ಅಗಲದ ಗುಳಿಗೆಗಳಿವೆಯಂತೆ. ಪ್ರತಿ ಗುಳಿಗೆಯಲ್ಲೂ ಕಪ್ಪು ಬಿಳಿ ಕಣಗಳು. ವಿದ್ಯುತ್ತು ಸೋಕಿದರೆ ಬೇಕಾದ ಕಡೆ ಕಪ್ಪು ಮೇಲೆದ್ದು ಬರುತ್ತದೆ, ಉಳಿದ ಕಡೆ ಬಿಳಿ. ಒಮ್ಮೆ ನಿಂತರೆ ನಿಂತಿತು. ಮುಂದಿನ ಪುಟ ಕೇಳುವ ತನಕ ಅದಕ್ಕೆ ಬೇರೆ ಕೆಲಸವಿಲ್ಲ. ನಾನು ಕೆಲಸ ಮಾಡಿದ ಕಚೇರಿಗಳಲ್ಲಿ ಇಷ್ಟು ಸ್ಥಿರಬುದ್ಧಿಯವರನ್ನು ಕಂಡಿಲ್ಲ.

ಅದನ್ನು ಕೊಂಡಾಗ ಮನೆಯಲ್ಲಿ ನಡೆದ ಚರ್ಚೆಯನ್ನು ಇದ್ದದ್ದು ಇದ್ದ ಹಾಗೆ ವರದಿ ಮಾಡುತ್ತೇನೆ.

ಶ್ರೀಧರ ಕೇಳಿದ: “ಇದರ ವಿಶೇಷ ಏನು?”

“ಥೇಟ್ ಕಾಗದದ ಥರ ಇರತ್ತೆ.”

“ಕಾಗದಾನೂ ಕಾಗದದ ಥರಾನೇ ಇರತ್ತಲ್ಲೇ.”

ಆದರೂ ಕೊಳ್ಳಲು ನನಗೆ ಕಾರಣವಿತ್ತು. ನಾನು ಔಷಧ ತಯಾರಿಸುವ ಒಂದು ಸಂಸ್ಥೆಯಲ್ಲಿ ದಸ್ತಾವೇಜುಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದೇನೆ. ರೂಟ್ ನೈನ್‌ನಲ್ಲಿ ಬಸ್ಸು ಹಿಡಿದು ಮ್ಯಾನ್‌ಹ್ಯಾಟನ್ನಿಗೆ ಕಮ್ಯೂಟ್ ಮಾಡುತ್ತೇನೆ. ಬಸ್ಸಿನಲ್ಲಿ ದೊಡ್ಡ ಕೋಷ್ಟಕಗಳನ್ನು ಫೋನಿನಲ್ಲಿ ನೋಡುವುದೆಂದರೆ ಕಿಟಕಿಯ ಸಂದಿಯಿಂದ ಮೆರವಣಿಗೆ ನೋಡಿದಂತೆ. ಆನೆಯ ಕಾಲು ಕಾಣುವಾಗ ಅಂಬಾರಿ ಕಾಣುವುದಿಲ್ಲ. ಈ ಪಾಟಿಯಲ್ಲಿ ಪೂರ್ತಿ ಪುಟ ಒಟ್ಟಿಗೆ ಕಾಣುತ್ತದೆ. ಪೆನ್ನಿನಲ್ಲಿ ಅದರ ಮೇಲೆಯೇ ಬರೆಯಬಹುದು. ಬರೆದರೆ ಕಾಗದದ ಮೇಲೆ ಬರೆದಂತೆ ಸಣ್ಣಗೆ ಸದ್ದಾಗುತ್ತದೆ. ಅಂಚಿನಲ್ಲಿ ಡೆಸ್ಕಿನ ಕಾಲದ ಗುರುತುಗಳನ್ನೇ ಹಾಕುತ್ತೇನೆ. ತೆಗೆದುಹಾಕಲು ಸುರುಳಿ, ಬಿಡಿಯಾದದ್ದನ್ನು ಕೂಡಿಸಲು ಕಮಾನು, ಬಿಟ್ಟುಹೋದದ್ದನ್ನು ಸೇರಿಸಲು ಗೂಟ. ಪಕ್ಕದ ಸೀಟಿನವರು ಒಮ್ಮೆ ನಾನು ಸಂಗೀತ ಬರೆಯುತ್ತಿದ್ದೇನೆಯೇ ಎಂದು ವಿಚಾರಿಸಿದರು.

ಕೈಬರಹವನ್ನು ಅಚ್ಚಿನ ಅಕ್ಷರವಾಗಿ ಮಾರ್ಪಡಿಸುವ ಸೌಲಭ್ಯವೂ ಅದರಲ್ಲಿದೆ. ನನ್ನ ಇಂಗ್ಲಿಷನ್ನು ಅದು ಶಾಲೆಯ ಮೇಷ್ಟರಿಗಿಂತ ಚೆನ್ನಾಗಿ ಓದುತ್ತದೆ. ಒಂದು ದಿನ ಕನ್ನಡದಲ್ಲಿ ‘ಸಂಜೆ ಹಾಲು ತರಬೇಕು’ ಎಂದು ಬರೆದು ಕೊಟ್ಟೆ. ಸ್ವಲ್ಪ ಯೋಚಿಸಿ ಎರಡು ಸೊನ್ನೆ, ಒಂದು ಡಬ್ಲ್ಯೂ, ಒಂದು ಮೂರು, ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಕೊಟ್ಟಿತು. ಆ ಪ್ರಶ್ನಾರ್ಥಕ ಚಿಹ್ನೆಯಲ್ಲಿ ಪ್ರಾಮಾಣಿಕತೆ ಕಂಡು ಅದರ ಮೇಲೆ ಗೌರವ ಹೆಚ್ಚಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬರೆಯುವ ವರದಿಗಾರರು ಡೆಸ್ಕಿಗೆ ಎಷ್ಟು ಬೇಕೋ ಅಷ್ಟು ಸಿಗುವುದಿಲ್ಲ.

ನವೆಂಬರ್‌ನಲ್ಲಿ ಆ ಪಾಟಿಯನ್ನು ಆಂಟಿಗೆ ಕೊಟ್ಟೆ. ಕೆಲವು ದಿನಗಳ ಮಟ್ಟಿಗೆ ಎಂದು ಹೇಳಿದ ನೆನಪು. ಅವರು ಹೊಳೆಯುವ ಟ್ಯಾಬ್ಲೆಟ್ಟುಗಳನ್ನು ಆಗಲೇ ಪರೀಕ್ಷಿಸಿ ಬಿಟ್ಟಿದ್ದರು. “ಅಕ್ಷರ ದೊಡ್ಡೂ ಆಗ್ತಾವ ಖರೆ, ಬೆಳಕು ಕಣ್ಣಾಗ ಚುಚ್ಚತದ” ಎನ್ನುವುದು ಅವರ ತೀರ್ಪು. ಇದಕ್ಕೆ ಬೆಳಕಿಲ್ಲದ್ದೇ ಅವರಿಗೆ ಹಿಡಿಸಿತು. ನೀತಾ ಒಂದು ಕ್ಲಿಪ್ ದೀಪ ತಂದು ಮೇಲೆ ಸಿಕ್ಕಿಸಿದಳು.

ನಮ್ಮ ಲಿಪಿಯ ಬಗ್ಗೆ ನಾನು ಯೋಚಿಸಿದ್ದು ಆಗಲೇ. ತಾಳೆಗರಿಯ ಮೇಲೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ನಮ್ಮ ಹಿರಿಯರು ಎಲ್ಲವನ್ನೂ ದುಂಡಗೆ ಬರೆದರು ಎಂದು ಹೇಳುತ್ತಾರೆ. ಗರಿಗೆ ಅನುಕೂಲವಾಯಿತು, ಕಣ್ಣಿಗೆ ಅಷ್ಟಿಲ್ಲ. ದುಂಡು ಎಲ್ಲಕ್ಕೂ ಸಮಾನ. ‘ಪ’ಕ್ಕೂ ‘ಷ’ಕ್ಕೂ ಇರುವ ಭೇದ ಒಳಗಿನ ಒಂದು ಗೀರು. ‘ದ’ಕ್ಕೂ ‘ಧ’ಕ್ಕೂ ಇರುವ ಭೇದ ಒಂದು ಸೀಳು. ಅರ್ಥವೆಲ್ಲ ಇಂಥ ಸಣ್ಣ ಜಾಗಗಳಲ್ಲಿ ಅಡಗಿದೆ, ಆಂಟಿಯ ಕಣ್ಣಿಗೆ ಕಾಣದಿರುವುದು ಸರಿಯಾಗಿ ಆ ಜಾಗಗಳೇ. ದೊಡ್ಡದು ಮಾಡುವುದೊಂದೇ ದಾರಿ.

ಮೊದಲು ನನ್ನ ಹಳೆಯ ಪ್ರತಿಯನ್ನು ಸ್ಕ್ಯಾನ್ ಮಾಡಿ ಪಾಟಿಗೆ ಹಾಕಿದೆ. ಅದು ಚಿತ್ರವಷ್ಟೆ. ಹಿಗ್ಗಿಸಿದರೆ ಸಾಲು ಪರದೆಯಿಂದಾಚೆ ಹೋಗುತ್ತದೆ, ಬೆರಳಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದಾಡಬೇಕು. ಆಂಟಿ ಒಂದು ಪುಟ ಪ್ರಯತ್ನಿಸಿ ಫೋನ್ ಮಾಡಿದರು. “ಶೈಲಾ, ಇದು ಓದೂದಲ್ಲವಾ, ನೆಲಾ ಒರಸೂದು.”

ಹಾಗಾದರೆ ಚಿತ್ರವಲ್ಲ, ಅಕ್ಷರವೇ ಬೇಕು. ಎಷ್ಟು ಹಿಗ್ಗಿಸಿದರೂ ಸಾಲು ತಾನೇ ಮುರಿದುಕೊಂಡು ಕೆಳಗಿಳಿಯುವಂಥ ಕಡತ. ವಿಚಾರಿಸುತ್ತ ಹೋದಾಗ ತಿಳಿಯಿತು: ಲೇಖಕರ ಮನೆಯವರು ಹಿಂದೊಮ್ಮೆ ಮರುಮುದ್ರಣಕ್ಕೆಂದು ಪೂರ್ತಿ ಕಾದಂಬರಿಯನ್ನು ಡಿಟಿಪಿ ಮಾಡಿಸಿದ್ದರು, ಮುದ್ರಣ ಆಗಲಿಲ್ಲ, ಕಡತ ಉಳಿದಿತ್ತು. ಯಾರಿಗಾಗಿ ಎಂದು ಹೇಳಿದ ಮೇಲೆ ಅವರು ಎರಡನೆಯ ಮಾತಿಲ್ಲದೆ ಕಳಿಸಿದರು. ತೆರೆದು ನೋಡಿದೆ. ಕನ್ನಡದ ಹೆಸರಿಲ್ಲ. ಪುಟದ ತುಂಬ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆಗಳು.

ಡಿಟಿಪಿ ಕಾಲ ಕಂಡ ಕನ್ನಡಿಗರಿಗೆ ಇದೇನೆಂದು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹಳೆಯ ಕನ್ನಡ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೊಳಗೆ ಇಂಗ್ಲಿಷಿನ ಸಂಕೇತಗಳನ್ನೇ ಇಟ್ಟುಕೊಳ್ಳುತ್ತಿತ್ತು, ಮೇಲೆ ಕನ್ನಡದ ಮುಖವಾಡ ತೊಡಿಸುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಮುಖವಾಡ ಕಳಚಿ ಬೀಳುತ್ತದೆ. ‘ನ’ ಇರುವಲ್ಲೆಲ್ಲ ಒಂದು ಪೌಂಡ್ ಕಾಣಿಸಿಕೊಳ್ಳುತ್ತದೆ. ‘ನಾನು’ ಎಂದು ಬರೆದರೆ ಎರಡು ಪೌಂಡ್. ‘ನೀನು’ ಎಂದು ಬರೆದರೆ ಒಂದೇ ಪೌಂಡ್, ಇನ್ನೊಂದರ ಜಾಗದಲ್ಲಿ ಯಾವ ದೇಶದ್ದೆಂದು ತಿಳಿಯದ ನಾಣ್ಯದ ಗುರುತು. ನಾನು, ನೀನುಗಳ ಬೆಲೆಯನ್ನು ಇಷ್ಟು ನೇರವಾಗಿ ಹೇಳಿದ ಶಾಸ್ತ್ರಗ್ರಂಥವನ್ನು ನಾನು ನೋಡಿಲ್ಲ.

ಇದನ್ನು ಹೊಸ ಲಿಪಿಸಂಕೇತಕ್ಕೆ ಪರಿವರ್ತಿಸುವ ತಂತ್ರಾಂಶಗಳಿವೆ. ನಾನು ಹುಡುಕಿದ್ದು ಉಚಿತವಾದದ್ದು. ಚಕಚಕನೆ ಪರಿವರ್ತಿಸಿತು. ಒಂದು ಅಧ್ಯಾಯವನ್ನು ಪಾಟಿಗೆ ಹಾಕಿ ಜೆರಿಕೋಗೆ ಡ್ರೈವ್ ಮಾಡಿಕೊಂಡು ಹೋದೆ. ಅಡುಗೆಮನೆಯ ಮೇಜಿನ ಮೇಲೆ ಆಂಟಿ ದೀಪ ಸರಿಪಡಿಸಿ, ಅಕ್ಷರ ಹಿಗ್ಗಿಸಿ, ಗಟ್ಟಿಯಾಗಿ ಓದಿದರು: “ಗುಡ್ಡದ ಹಿಂದೆ ಸೂಯರ್ ಮುಳುಗುತ್ತಿದ್ದ.”

ಪಾತ್ರೆ ತೊಳೆಯುತ್ತಿದ್ದ ನೀತಾ ತಿರುಗಿ ನೋಡಿದಳು. “ಅಮ್ಮಾ, ವೈ ಇಸ್ ದೇರ್ ಅ ಸೂಯರ್ ಇನ್ ದ ಸ್ಟೋರಿ?”

ತಪ್ಪು ಅರ್ಕಾವೊತ್ತಿನದು. ‘ಸೂರ್ಯ’ನಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಆದರೆ ಬರೆಯುವಾಗ ಅದರ ಕೊಕ್ಕೆಯನ್ನು ‘ಯ’ದ ಬಲಕ್ಕೆ ಹಾಕುತ್ತೇವೆ. ತಂತ್ರಾಂಶ ಕಂಡ ಕ್ರಮದಲ್ಲೇ ಎತ್ತಿಟ್ಟಿತ್ತು. ಹೀಗೆ ನಮ್ಮ ಸೂರ್ಯ ನ್ಯೂಯಾರ್ಕಿನ ಚರಂಡಿಯಾದ. ಧರ್ಮ ‘ಧಮರ್’ ಆಗಿತ್ತು, ಕಾರ್ಯ ‘ಕಾಯರ್’ ಆಗಿತ್ತು.

“ಆಂಟಿ, ಅದು ಸೂರ್ಯ ಅಂತ ನಿಮಗೆ ಗೊತ್ತಾಗ್ಲಿಲ್ವೇ?”

“ಗೊತ್ತಾಗದ ಏನು? ಈಗ ಅಕ್ಷರ ಕಾಣಿಸ್ತಾವಲ್ಲ, ಕಂಡದ್ದು ಓದೀನಿ. ಕಾಣಲಾರದಾಗ ಮನಸಿನಾಗಿಂದು ಓದಿದ್ರೂ ತಪ್ಪು, ಕಂಡಾಗ ಕಂಡದ್ದು ಓದಿದ್ರೂ ತಪ್ಪು. ನಿಮ್ಮ ಪೇಪರಿನವರ ಕಾಯ್ದೆ ಭಾಳ ಛಂದ ಅದ ಬಿಡು.”

ನಾನು ಮನೆಗೆ ಬಂದು ಕಂಪ್ಯೂಟರಿಗೆ ಒಂದೇ ಆಜ್ಞೆ ಕೊಟ್ಟೆ: ‘ಯರ್’ ಇರುವಲ್ಲೆಲ್ಲ ‘ರ್ಯ’ ಮಾಡು. ಸೂರ್ಯ ಸರಿಹೋದ. ಆದರೆ ಆ ಕಾದಂಬರಿಯಲ್ಲಿ ಒಬ್ಬ ಹೋಟೆಲ್ ಅಯ್ಯರ್ ಇದ್ದಾರೆ. ಅವರು ಉಚ್ಚರಿಸಲೂ ಆಗದ ‘ಅಯ್ರ್ಯ’ ಆದರು. ಒಬ್ಬರನ್ನು ಉದ್ಧರಿಸಲು ಹೋಗಿ ಇನ್ನೊಬ್ಬರನ್ನು ಕೆಡಿಸುವ ಸುಧಾರಣೆಗಳ ಬಗ್ಗೆ ಹಿಂದೆ ಸಂಪಾದಕೀಯಗಳನ್ನು ತಿದ್ದಿದ್ದೆ, ಈಗ ಸ್ವಂತ ಅನುಭವವಾಯಿತು. ಅಡ್ಡದಾರಿ ಬಿಟ್ಟು ಪ್ರತಿ ಅಧ್ಯಾಯವನ್ನೂ ಕೈಯಿಂದಲೇ ತಿದ್ದಲು ಕುಳಿತೆ. ಪಾಟಿ ಜೆರಿಕೋದಲ್ಲಿತ್ತು. ಆದ್ದರಿಂದ ಅಧ್ಯಾಯಗಳನ್ನು ಪ್ರಿಂಟ್ ತೆಗೆದು, ಕೆಂಪು ಪೆನ್ನು ಹಿಡಿದು, ಬಸ್ಸಿನಲ್ಲಿ ಪ್ರೂಫ್ ನೋಡತೊಡಗಿದೆ. ಶ್ರೀಧರ ಹಾಳೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. “ಅರೆ, ಥೇಟ್ ಕಾಗದದ ಥರ ಇದೆ ಕಣೇ.”

ಡಿಸೆಂಬರ್‌ನಿಂದ ಆಂಟಿ ಪಾಟಿಯಲ್ಲಿ ಓದಿದರು. ಮೊದಲ ದಿನ ಒಂದು ಪುಟಕ್ಕೆ ಒಂದು ಪ್ಯಾರಾ ಹಿಡಿಯುತ್ತಿತ್ತು. ನೀತಾ ಪಕ್ಕದಲ್ಲಿ ಕೂತು, ಅಮ್ಮ ಬೆರಳು ಎತ್ತಿದಾಗ ಪುಟ ತಿರುಗಿಸುತ್ತಿದ್ದಳು. ಆಂಟಿ ಹಿಂದಿನ ರಾತ್ರಿಯೇ ಪೆನ್ನಿನಿಂದ ಅಲ್ಲಲ್ಲಿ ದಪ್ಪ ಓರೆಗೆರೆಗಳನ್ನು ಎಳೆದಿಟ್ಟಿರುತ್ತಿದ್ದರು. ಉಸಿರು ತೆಗೆದುಕೊಳ್ಳುವ ಜಾಗವೇ ಎಂದು ಕೇಳಿದ್ದಕ್ಕೆ, “ಹೌದು. ನಂದಲ್ಲ, ಕೇಳೋರದು. ನಾ ಜೀವಮಾನ ಎಲ್ಲಾ ಮಂದಿ ಉಸಿರ ಎಣಿಸಿದಾಕಿ” ಎಂದರು.

ಎಲೆಕ್ಟ್ರಾನಿಕ್ ಕಾಗದಕ್ಕೆ ಒಂದು ಗುಣವಿದೆ. ಪುಟ ಬದಲಾಗುವಾಗ ಹಳೆಯ ಅಕ್ಷರಗಳ ನೆರಳು ಉಳಿಯದಿರಲಿ ಎಂದು ಇಡೀ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳ್ಳಗಾಗುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ಆಂಟಿ ಅಲ್ಲಿ ನಿಲ್ಲಲೇಬೇಕು. ಪುಟಕ್ಕೊಂದು ಪ್ಯಾರಾ ಇದ್ದಾಗ ಅದು ಯಾರಿಗೂ ಗೊತ್ತಾಗಲಿಲ್ಲ. ಜನವರಿಯ ಓದು ಹಿಮದಿಂದಾಗಿ ರದ್ದಾಯಿತು. ಫೆಬ್ರವರಿಯಲ್ಲಿ ಪುಟಕ್ಕೆ ಆರೇಳು ಸಾಲು. ಮಾರ್ಚಿನ ಓದಿಗೆ ಕೆಲವೇ ದಿನ ಮುಂಚೆ ಬಲಗಣ್ಣಿನ ಪರೀಕ್ಷೆಯಾಗಿ, ಸವೆತ ಮುಂದುವರಿದಿದೆ ಎಂದು ಡಾಕ್ಟರು ಹೇಳಿದ್ದರು.

ಮಾರ್ಚಿನ ಆ ಭಾನುವಾರ ಆಂಟಿ ಒಂದು ವಾಕ್ಯದ ನಡುವೆ ನಿಂತರು. ಓರೆಗೆರೆ ಇರಲಿಲ್ಲ, ಪುಟವೂ ಮುಗಿದಿರಲಿಲ್ಲ. ಅಡುಗೆಮನೆಯಲ್ಲಿ ಯಾರೋ ಪಾತ್ರೆ ಜೋಡಿಸುವುದು ಕೇಳುತ್ತಿತ್ತು. ಅವರು ಪಾಟಿಯನ್ನು ಹತ್ತಿರ ತಂದರು, ದೂರ ಹಿಡಿದರು, ತಲೆ ಓರೆ ಮಾಡಿ ಕಣ್ಣಂಚಿನಿಂದ ನೋಡಿದರು.

ನಾಗರಾಜ್ ಅಂಕಲ್ ಮೆಲ್ಲಗೆ ಕೇಳಿದರು: “ಡಾಕ್ಟ್ರೇ, ಈ ಪುಟ ಒಂದು ನಾನು ಓದ್ಲಾ?”

“ಬ್ಯಾಡ್ರಿ.”

“ಅಮ್ಮಾ...” ಎಂದಳು ನೀತಾ.

“ದೊಡ್ಡೂ ಮಾಡು” ಎಂದರು ಆಂಟಿ. ನೀತಾ ಮಾಡಿದಳು. “ಇನ್ನೂ.” ಮತ್ತೆ ಮಾಡಿದಳು. ಈಗ ಪುಟಕ್ಕೆ ಮೂರೋ ನಾಲ್ಕೋ ಪದ. ಅಕ್ಷರಗಳು ಅಂಗನವಾಡಿಯ ಗೋಡೆಯ ಮೇಲಿನಷ್ಟು ದೊಡ್ಡವಾಗಿದ್ದವು. ಎದುರು ಸಾಲಿನಲ್ಲಿದ್ದ ನನಗೇ ತಲೆಕೆಳಗಾಗಿ ಓದಲು ಬರುತ್ತಿತ್ತು. ಆಂಟಿ ವಾಕ್ಯವನ್ನು ಮೊದಲಿನಿಂದ ಹಿಡಿದರು.

“ಅವನು ಅವಳನ್ನು ಹೊಳೆಯ ದಂಡೆಯಲ್ಲಿ,” ಎಂದರು. ಪರದೆ ಕಪ್ಪಾಗಿ ಬೆಳ್ಳಗಾಯಿತು. “ಮಳೆ ಬರುವ ಮೊದಲೇ ಒಬ್ಬ‍ಳನ್ನೇ,” ಎಂದರು. ಮತ್ತೆ ಕಪ್ಪು, ಮತ್ತೆ ಬಿಳಿ.

ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆಂದು ನಾವೆಲ್ಲ ಶಾಲೆಯಲ್ಲಿ ಓದಿದವರು. ಕರ್ತೃ ಬರುತ್ತಾನೆ, ಕರ್ಮ ಬರುತ್ತದೆ, ಹೊಳೆ ಮಳೆ ಎಲ್ಲ ಬಂದು ಕೂರುತ್ತವೆ. ಏನಾಯಿತೆಂದು ಮಾತ್ರ ಕೊನೆಯ ತನಕ ತಿಳಿಯುವುದಿಲ್ಲ. ಡೆಸ್ಕಿನಲ್ಲಿ ಇದೊಂದು ತಲೆನೋವಾಗಿತ್ತು. ವಾಕ್ಯ ಉದ್ದವಾದರೆ ಓದುಗ ಕ್ರಿಯಾಪದ ಸಿಗುವ ಮೊದಲೇ ಪುಟ ಮಗುಚುತ್ತಾನೆ, ಆದ್ದರಿಂದ ವಾಕ್ಯ ಮುರಿಯಿರಿ ಎಂದು ಮುಖ್ಯ ಉಪಸಂಪಾದಕರು ಹೇಳುತ್ತಿದ್ದರು. ಆ ಮಧ್ಯಾಹ್ನ ಹೋಟೆಲಿನ ಕೋಣೆಯಲ್ಲಿ ಯಾರೂ ಪುಟ ಮಗುಚುವ ಹಾಗಿರಲಿಲ್ಲ. ಅವಳನ್ನು ಬಿಟ್ಟನೋ, ಕಂಡನೋ, ಕೊಂದನೋ ಎಂದು ಅಷ್ಟೂ ಜನ ಪರದೆಯತ್ತ ನೋಡುತ್ತ ಕೂತರು.

“ಬಿಟ್ಟು ಬಂದನು” ಎಂದರು ಆಂಟಿ.

“ಅಯ್ಯೋ ಪಾಪಿ” ಎಂದರು ನಾಗರಾಜ್ ಅಂಕಲ್ ಹೆಂಡತಿ. ಬೈದದ್ದು ಕಾದಂಬರಿಯ ಗಂಡಸಿಗೆ.

ಆ ವೇಗದಲ್ಲಿ ಒಂದು ಸಲಕ್ಕೆ ಒಂದು ಅಧ್ಯಾಯ ಮುಗಿಯುವುದು ಸಾಧ್ಯವಿರಲಿಲ್ಲ. ಆಂಟಿ ತಿಂಗಳಿಗೊಂದು ಭಾನುವಾರವನ್ನು ಪ್ರತಿ ಭಾನುವಾರ ಮಾಡಿದರು. ಯಾರನ್ನೂ ಕೇಳಲಿಲ್ಲ, ತಿಳಿಸಿದರು. ನಾವು ಸ್ಟೇಟನ್ ಐಲೆಂಡ್ ದಾಟಿ, ಬೆಲ್ಟ್ ಪಾರ್ಕ್‌ವೇಯ ಟ್ರಾಫಿಕ್ಕಿನಲ್ಲಿ ಕೂತು, ಪ್ರತಿ ವಾರ ಬಂದೆವು. ಶ್ರೀಧರ ಮೊದಮೊದಲು ನನ್ನನ್ನು ಇಳಿಸಿ ಪಕ್ಕದ ಅಂಗಡಿಯಲ್ಲಿ ಬದನೆಕಾಯಿ ಆರಿಸಲು ಹೋಗುತ್ತಿದ್ದವನು, ಏಪ್ರಿಲ್ ಹೊತ್ತಿಗೆ “ಆ ದಂಡೆಯವಳ ಕಥೆ ಏನಾಯ್ತು?” ಎಂದು ಒಳಗೇ ಬಂದು ಕೂತ.

ನೀತಾಳದು ಇಡೀ ಕೋಣೆಯಲ್ಲಿ ಅತ್ಯಂತ ಬೇಸರದ ಕೆಲಸವಾಗಿತ್ತು. ಗಂಟೆಗಟ್ಟಲೆ ತನಗೆ ತಿಳಿಯದ ಲಿಪಿಯ ಬೃಹತ್ ಅಕ್ಷರಗಳ ಎದುರು ಕೂತು, ಬೆರಳು ಮೇಲೆದ್ದಾಗ ಒತ್ತುವುದು. ಒಮ್ಮೆ ಕಾಫಿಯ ಹೊತ್ತಿನಲ್ಲಿ ಪರದೆಯ ಮೇಲೆ ಉಳಿದಿದ್ದ ಪದವೊಂದರ ಕೊನೆಯ ಅಕ್ಷರವನ್ನು ತೋರಿಸಿ ಕೇಳಿದಳು: “ಶೈಲಾ ಆಂಟಿ, ವಾಟ್ಸ್ ದಿಸ್ ಒನ್? ಇಟ್ ಕೀಪ್ಸ್ ಕಮಿಂಗ್ ಅಟ್ ದಿ ಎಂಡ್.”

“ಅದು ‘ಳು’. ಹೆಂಗಸು ಏನಾದರೂ ಮಾಡಿದರೆ ಕೊನೆಗೆ ಅದು ಬರುತ್ತೆ.”

“ಶಿ ಡಸ್ ಅ ಲಾಟ್” ಎಂದಳು ನೀತಾ. ಆಮೇಲಿನ ಭಾನುವಾರಗಳಲ್ಲಿ ಕಾಫಿಯ ಹೊತ್ತಿಗೆ ಒಂದೊಂದು ಅಕ್ಷರ ಕೇಳುತ್ತಿದ್ದಳು.

ಮೇ ತಿಂಗಳ ಕೊನೆಯ ಭಾನುವಾರ ಸುಮಿತ್ರಾ ಆಂಟಿ ಕಾದಂಬರಿ ಮುಗಿಸಿದರು. ಕೊನೆಯ ಪುಟದಲ್ಲಿ ಒಂದೇ ಪದವಿತ್ತು. ಓದಿ, ಪೆನ್ನನ್ನು ಅದರ ಜಾಗದಲ್ಲಿ ಸಿಕ್ಕಿಸಿ, ನೀರು ಕುಡಿದರು. ಹೋಟೆಲಿನವರು ತಾವಾಗಿ ಎಲ್ಲರಿಗೂ ಕೇಸರಿಬಾತ್ ಕೊಟ್ಟರು. ಮುಂದೇನು ಎಂಬ ಮಾತು ಬಂದಾಗ ಎಲ್ಲರೂ ಎಚ್ಚರಿಕೆಯಿಂದ ಮಾತಾಡಿದರು.

“ಸಣ್ಣ ಕಥೆಗಳು ಓದೋಣ ಡಾಕ್ಟ್ರೇ. ಒಂದು ವಾರಕ್ಕೆ ಒಂದು. ಅಲ್ಲಲ್ಲಿಗೆ ಮುಗಿದುಹೋಗುತ್ತೆ” ಎಂದರು ನಾಗರಾಜ್ ಅಂಕಲ್.

“ಯಾಕ್ರೀ, ನಾ ನಡುವ ಕೈ ಬಿಡ್ತೇನಿ ಅಂತ ಅಂಜಿಕೀನ?”

ಆಂಟಿ ಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಕರಾವಳಿಯ ಮೀನುಗಾರರ ಒಂದು ಮನೆತನದ ಕಥೆ, ಮುಗಿದ ಕಾದಂಬರಿಗಿಂತ ದಪ್ಪ. “ಇದನ್ನ ಬರದವರ ಮನೀಗೂ ಫೋನ್ ಮಾಡವಾ” ಎಂದರು ನನಗೆ.

ಈ ಸಲ ಕಡತ ಹೊಸ ಸಂಕೇತದಲ್ಲೇ ಸಿಕ್ಕಿತು. ಪೌಂಡುಗಳಿಲ್ಲ. ಆದರೂ ಪ್ರಿಂಟ್ ತೆಗೆದು ಒಮ್ಮೆ ನೋಡಿಯೇ ಕಳಿಸುತ್ತೇನೆ. ಪಾಟಿ ಜೆರಿಕೋದಲ್ಲೇ ಇದೆ. ಬಲಗಣ್ಣಿಗೆ ಮುಂದಿನ ಇಂಜೆಕ್ಷನ್ ಇದೇ ಮಂಗಳವಾರ.

ಕಳೆದ ಭಾನುವಾರ ಮೊದಲ ಅಧ್ಯಾಯದ ನಡುಭಾಗ ನಡೆದಿತ್ತು. ಸಮುದ್ರದಿಂದ ಮರಳಿದ ಗಂಡ ಹೆಂಡತಿಯ ಎದುರು ಬಂದು ನಿಲ್ಲುತ್ತಾನೆ. ಪರದೆ ಕಪ್ಪಾಗಿ ಬೆಳ್ಳಗಾಯಿತು. “ಅವಳ ಮುಂದೆ ಬಳೆ ಇಟ್ಟನು” ಎಂದು ಆಂಟಿ ಓದಿದರು. ಹೆಂಗಸರಲ್ಲಿ ಒಂದಿಬ್ಬರು ಮೆಚ್ಚಿಗೆಯಿಂದ ತಲೆದೂಗಿದರು. ಆಂಟಿ ಬೆರಳು ಎತ್ತಿದರು. ನೀತಾ ಪುಟ ತಿರುಗಿಸಲಿಲ್ಲ.

“ಅಮ್ಮಾ, ದಟ್ಸ್ ನಾಟ್ ‘ಳೆ’. ದಟ್ಸ್ ‘ಲೆ’” ಎಂದಳು.

ಆಂಟಿ ಪಾಟಿಯನ್ನು ಓರೆಯಾಗಿ ಹಿಡಿದು ನೋಡಿದರು. “ಬಲೆ” ಎಂದು ತಿದ್ದಿ ಓದಿದರು. “ಅವಳ ಮುಂದೆ ಬಲೆ ಇಟ್ಟನು.”

ನಾನು ಮಡಿಲಲ್ಲಿದ್ದ ಮುದ್ರಿತ ಪ್ರತಿಯಲ್ಲಿ ಸಾಲು ಹುಡುಕಿ ನೋಡಿದೆ. ‘ಬಲೆ’ ಎಂದೇ ಇದೆ.